ಹಾರ್ಟ್ಸ್ ಆಫ್ ಐರನ್ 4: ಹೆವಿ ಕ್ರೂಸರ್‌ಗೆ ಒಂದೇ ದೊಡ್ಡ ಫಿರಂಗಿ ಸಾಕು

ಹಾರ್ಟ್ಸ್ ಆಫ್ ಐರನ್ 4 ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟ. ಅದಕ್ಕೆ ಹಡಗು ವಿನ್ಯಾಸ ಸೇರಿಸುವ ಮ್ಯಾನ್ ದ ಗನ್ಸ್ ವಿಸ್ತರಣೆ ಹಾಕಿಕೊಂಡು ಆಡುವವರಿಗೆ ಕ್ರೂಸರ್ ಹಲ್‌ನಲ್ಲಿ (ಹಡಗಿನ ಒಡಲಲ್ಲಿ) ಮೂರು ದಾರಿ: ಎಲ್ಲ ಸ್ಲಾಟ್‌ಗೂ ಹೆವಿ ಫಿರಂಗಿ, ಎಲ್ಲಕ್ಕೂ ಲೈಟ್ ಫಿರಂಗಿ (ಇದೇ ಲೈಟ್ ಕ್ರೂಸರ್), ಇಲ್ಲವೇ ಒಂದಕ್ಕೆ ಹೆವಿ, ಮಿಕ್ಕವಕ್ಕೆ ಲೈಟ್. ಮೂರನ್ನೂ ಕಟ್ಟಿ ನೋಡಿದ ಮೇಲೆ ನಾನು ಬಿಡದೆ ಕಟ್ಟುವುದು ಮೂರನೆಯ ಮಿಶ್ರ ಹಡಗನ್ನೇ.

ಕಾರಣ ಸರಳ. ಶತ್ರುವಿನ ಡಿಸ್ಟ್ರಾಯರ್‌ಗಳು ಮೊದಲು ಮುಳುಗಬೇಕು; ಅವು ಹೋದ ಮೇಲೆಯೇ ನಮ್ಮ ಟಾರ್ಪಿಡೊಗಳಿಗೆ ಹಿಂದಿನ ದೊಡ್ಡ ಹಡಗುಗಳು ಸಿಗುವುದು. ಹೆವಿ ಫಿರಂಗಿಯ ಹಿಟ್ ಪ್ರೊಫೈಲ್ 80, ಲೈಟ್‌ನದು 45; ಈ ಅಂಕಿ ದೊಡ್ಡದಾದಷ್ಟೂ ಸಣ್ಣ ಹಡಗಿಗೆ ಗುಂಡು ತಾಗುವುದು ಕಷ್ಟ. ಡಿಸ್ಟ್ರಾಯರ್‌ನಂಥ ಸಣ್ಣ, ವೇಗದ ಗುರಿಗೆ ಹೆವಿ ಗುಂಡು ತಾಗುವುದೇ ಅಪರೂಪ. ಲೈಟ್ ಕ್ರೂಸರ್‌ಗೂ ಲೈಟ್ ಫಿರಂಗಿಯೇ ಇದೆ, ಆದರೆ ಅದು ನಿಲ್ಲುವುದು ಮುಂದಿನ ಸಾಲಿನಲ್ಲಿ. ಏಟೆಲ್ಲ ಮೊದಲು ಅದಕ್ಕೇ. ಮಿಶ್ರ ಹಡಗು ಹಿಂದೆ ನಿಂತು ಅದೇ ಗುಂಡು ಸುರಿಸುತ್ತದೆ.

ಪೂರ್ತಿ ಹೆವಿ ಫಿರಂಗಿಯ ಹಡಗು ಎದುರಾಳಿಯ ಹೆವಿ ಕ್ರೂಸರ್‌ಗಳ ಮೇಲೆ ಚೆನ್ನ. ಬ್ಯಾಟಲ್‌ಶಿಪ್‌ನ ಕವಚದ ಮುಂದೆ ಅದರ ಆಟ ನಡೆಯುವುದಿಲ್ಲ.

ಮಿಶ್ರ ಹಡಗಿನ ತಲೆನೋವು ಒಂದೇ, ಆದರೆ ದೊಡ್ಡದು. ಆ ಒಂದು ಹೆವಿ ಫಿರಂಗಿ ಹಾಕಿದ ಕ್ಷಣ ಹಡಗಿನ ಜಾತಿಯೇ ಬದಲಾಗುತ್ತದೆ: ಸ್ಕ್ರೀನ್ (ಮುಂದೆ ನಿಂತು ಕಾಯುವ ಹಡಗು) ಆಗಿದ್ದದ್ದು ಕ್ಯಾಪಿಟಲ್ ಶಿಪ್ (ಹಿಂದೆ ನಿಲ್ಲುವ ದೊಡ್ಡ ಹಡಗು) ಆಗುತ್ತದೆ. (1930ರ ಲಂಡನ್ ಒಪ್ಪಂದವೂ ಹೀಗೇ 155 ಮಿ.ಮೀ. ಗೆರೆ ಎಳೆದಿತ್ತು, ಜಪಾನಿನ ಮೊಗಾಮಿ 155 ಮಿ.ಮೀ.ನ 15 ಫಿರಂಗಿ ತೆಗೆದು 203 ಮಿ.ಮೀ.ನ 10 ಹಾಕಿಸಿಕೊಂಡು ಲೈಟ್‌ನಿಂದ ಹೆವಿ ಆಯಿತು.) ಪ್ರತಿ ಕ್ಯಾಪಿಟಲ್ ಶಿಪ್‌ಗೆ 3 ಸ್ಕ್ರೀನ್ ಬೇಕು. 2 ಬ್ಯಾಟಲ್‌ಶಿಪ್ ಜೊತೆ 6 ಲೈಟ್ ಕ್ರೂಸರ್ ಇದ್ದರೆ ಬೇಕಾದ 6 ಸ್ಕ್ರೀನ್ ಅಲ್ಲೇ ಇವೆ. ಅದೇ 6 ಹಲ್ ಹೆವಿ ಆದವೋ, 8 ಕ್ಯಾಪಿಟಲ್ ಶಿಪ್, 24 ಡಿಸ್ಟ್ರಾಯರ್ ಬೇಕು.

24 ಕಟ್ಟಿದರೂ ಮುಗಿಯಲಿಲ್ಲ. ಮೊದಲ ಕಾಳಗದಲ್ಲಿ ಏಟು ತಿಂದ 5 ಡಿಸ್ಟ್ರಾಯರ್ ತಾವಾಗಿಯೇ ರಿಪೇರಿಗೆ ಬಂದರಿಗೆ ಹೋದವೆನ್ನಿ. ಉಳಿದದ್ದು 19, ಅಂದರೆ ಬೇಕಾದುದರ ಶೇ. 79. ಪಟ್ಟಿಯಲ್ಲಿ ಪಡೆ ಇನ್ನೂ ದೊಡ್ಡದಾಗಿಯೇ ಕಾಣುತ್ತದೆ, ಹಾಗಾಗಿ ಗಮನಕ್ಕೆ ಬರುವುದಿಲ್ಲ. ಮುಂದಿನ ಕಾಳಗದಲ್ಲಿ ಆ ಸಂದಿನಿಂದಲೇ ಟಾರ್ಪಿಡೊ ನುಗ್ಗಿ ಹೆವಿ ಕ್ರೂಸರ್‌ಗೆ ಬಡಿಯುತ್ತದೆ. ಅದಕ್ಕೇ ಲೆಕ್ಕ 3 ಅಲ್ಲ, 4 ಇಟ್ಟುಕೊಳ್ಳಿ: 8ಕ್ಕೆ 32. ಕಾಳಗ ಮುಗಿದ ಕೂಡಲೇ ಟಾಸ್ಕ್ ಫೋರ್ಸ್ ಅನ್ನು, ಅಂದರೆ ಇಡೀ ಹಡಗುಪಡೆಯನ್ನು, ಬಂದರಿಗೆ ಕರೆಸಿ, ಎಲ್ಲವೂ ಸರಿಯಾದ ಮೇಲೆ ಒಟ್ಟಿಗೆ ಕಳಿಸಿ.

ಇನ್ನೊಂದು: ಕ್ಯಾಪಿಟಲ್ ಶಿಪ್‌ನ ಒಂದು ಉತ್ಪಾದನಾ ಸಾಲಿಗೆ 5 ಡಾಕ್‌ಯಾರ್ಡ್ (ಹಡಗು ಕಟ್ಟುವ ಕಾರ್ಖಾನೆ) ಮಾತ್ರ ಹಾಕಬಹುದು, ಡಿಸ್ಟ್ರಾಯರ್‌ಗೆ 10.

ಬ್ಯಾಟಲ್‌ಕ್ರೂಸರ್ ಮಿಶ್ರ ಹಡಗಿನ ಬದಲಿಯಲ್ಲ, ಕಟ್ಟಲು ಸಮಯ ತಿನ್ನುತ್ತದೆ.

ಡಾಕ್‌ಯಾರ್ಡ್ 10ರ ಆಸುಪಾಸಿನಲ್ಲಿದ್ದರೆ ಹೆವಿ ಕ್ರೂಸರ್ ಆಸೆ ಬಿಟ್ಟು ಲೈಟ್ ಕ್ರೂಸರ್ ಕಟ್ಟಿ. ಸ್ಕ್ರೀನ್ ಲೆಕ್ಕವೂ ತುಂಬುತ್ತದೆ. 20 ದಾಟಿದ್ದರೆ 5 ಮಿಶ್ರ ಹಡಗಿಗೆ, 10 ಡಿಸ್ಟ್ರಾಯರ್‌ಗೆ. ಯುದ್ಧ ಶುರುವಾದ ಮೇಲೆ ಡಿಸ್ಟ್ರಾಯರ್ ಸಾಲನ್ನು ಮಾತ್ರ ಯಾವತ್ತೂ ನಿಲ್ಲಿಸಬೇಡಿ.