ಮನೆ ಬೆಲೆ ಇಳಿದಿದೆಯೇ? ಕೆಂಗೇರಿಯಲ್ಲಿ ನಾನು ಬಳಸಿ ನೋಡಿದ ನಾಲ್ಕು ಅಳತೆಗಳು

2017ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ನಾನು ಕೆಂಗೇರಿಯ ಸುತ್ತಮುತ್ತ ಎರಡು ಬೆಡ್‌ರೂಮಿನ ಫ್ಲಾಟ್ ಹುಡುಕಿದೆ. ನೋಟು ರದ್ದತಿ, ರೇರಾ (ಮನೆ ಕೊಳ್ಳುವವರ ಹಿತ ಕಾಯುವ ಕಾಯ್ದೆ), ಜಿಎಸ್‌ಟಿ ಒಂದರ ಬೆನ್ನಿಗೊಂದು ಬಂದಿದ್ದ ಆ ದಿನಗಳಲ್ಲಿ ಬೆಲೆ ಕುಸಿಯುತ್ತದೆ ಎಂದು ಕೆಲವರು, ಬೆಂಗಳೂರಿನಲ್ಲಿ ಅದು ಎಂದಿಗೂ ಇಳಿಯದು ಎಂದು ಉಳಿದವರು ಅಷ್ಟೇ ಖಚಿತವಾಗಿ ಹೇಳುತ್ತಿದ್ದರು. ನಿಜ ತಿಳಿಯಲು ನಾಲ್ಕು ಅಳತೆಗಳನ್ನು ಒಂದೇ ಪ್ರದೇಶಕ್ಕೆ ಹಚ್ಚಿ ನೋಡಿದೆ.

ಜಾಹೀರಾತಿನ ದರ ಸುಲಭವಾಗಿ ಸಿಗುತ್ತದೆ, ಆದರೆ ಅತಿ ಹೆಚ್ಚು ದಾರಿ ತಪ್ಪಿಸುವುದೂ ಅದೇ. ನಾನು ಗಮನಿಸುತ್ತಿದ್ದ ಕಟ್ಟಡದ ಚದರಡಿ ದರ ಎರಡು ವರ್ಷ ಕದಲಲೇ ಇಲ್ಲ. ಆದರೆ ಮೊದಲು ಬೇರೆಯಾಗಿ ಹಣ ಕೇಳುತ್ತಿದ್ದ ಕಾರು ಪಾರ್ಕಿಂಗ್ ಉಚಿತವಾಯಿತು, ಆಮೇಲೆ ಅಡುಗೆಮನೆಯ ಕಪಾಟುಗಳು ಸೇರಿಕೊಂಡವು, ಕೊನೆಗೆ ನೋಂದಣಿ ಖರ್ಚನ್ನೂ ತಾವೇ ಭರಿಸುವುದಾಗಿ ಮಾರುವವರು ಹೇಳಿದರು. ಮುದ್ರಾಂಕ ಶುಲ್ಕವೂ ಸೇರಿ ಆಗ ನಗರದಲ್ಲಿ ಶೇ 6.6ರಷ್ಟು ಆಗುತ್ತಿದ್ದುದರಿಂದ, 55 ಲಕ್ಷದ ಫ್ಲಾಟಿನಲ್ಲಿ ಅದೊಂದೇ ಮೂರೂವರೆ ಲಕ್ಷ ದಾಟುತ್ತಿತ್ತು. ಬೆಲೆ ಇಳಿದದ್ದು ಹೀಗೆ. ಚೌಕಾಸಿಗೆ ಕೂರದವರಿಗೆ ಅದು ಕಾಣುವಂತೆಯೇ ಇರಲಿಲ್ಲ.

ಸರ್ಕಾರದ ಮಾರ್ಗಸೂಚಿ ದರ, ಅಂದರೆ ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಪ್ರತಿ ಪ್ರದೇಶಕ್ಕೂ ಅದು ನಿಗದಿ ಮಾಡುವ ಕನಿಷ್ಠ ಬೆಲೆ, ಈ ಕೆಲಸಕ್ಕೆ ಬಾರದು. ಅದಕ್ಕಿಂತ ಕಡಿಮೆಗೆ ಮಾರಾಟವಾದರೂ ಶುಲ್ಕವನ್ನು ಸಾಮಾನ್ಯವಾಗಿ ಆ ದರದ ಮೇಲೆಯೇ ಕಟ್ಟಬೇಕಾಗುವುದರಿಂದ, ಕ್ರಯಪತ್ರದಲ್ಲಿ ಅದರ ಕೆಳಗಿನ ಮೊತ್ತ ಕಾಣುವುದು ಅಪರೂಪ.

ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕವೂ ನೋಂದಣಿಯ ಅಂಕಿಗಳನ್ನೇ ಆಧರಿಸಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಹಣದುಬ್ಬರದ ಪಕ್ಕದಲ್ಲಿಟ್ಟು ಓದಿದರೆ ಅದು ನಿಜಕ್ಕೂ ಉಪಯುಕ್ತ: ಮನೆ ಶೇ 3ರಷ್ಟು ಏರಿ ಉಳಿದೆಲ್ಲವೂ ಶೇ 4ರಷ್ಟು ಏರಿದರೆ, ಅಂಕಿ ಮೇಲೆ ಹೋದರೂ ಮನೆ ಅಗ್ಗವಾಗಿರುತ್ತದೆ. ‘ಇಳಿಯುವುದೇ ಇಲ್ಲ’ ಎನ್ನುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಆದರೆ ವೈಟ್‌ಫೀಲ್ಡನ್ನೂ ಕೆಂಗೇರಿಯನ್ನೂ ಒಂದೇ ಅಂಕಿಯಲ್ಲಿ ಬೆರೆಸುವುದರಿಂದ, ನನ್ನ ಬೀದಿಯ ಬಗ್ಗೆ ಅದು ಏನನ್ನೂ ಹೇಳಲಿಲ್ಲ.

ನಾನು ಕೊನೆಗೆ ನೆಚ್ಚಿಕೊಂಡದ್ದು ಬಾಡಿಗೆಯ ಲೆಕ್ಕವನ್ನು. ಅದೇ 55 ಲಕ್ಷದ ಫ್ಲಾಟಿಗೆ ತಿಂಗಳಿಗೆ 14,000 ಬಾಡಿಗೆ, ಅಂದರೆ ವರ್ಷಕ್ಕೆ ಸುಮಾರು ಶೇ 3. ನಿರ್ವಹಣೆ ಮತ್ತು ಆಸ್ತಿ ತೆರಿಗೆ ಕಳೆದರೆ ಇನ್ನೂ ಕಡಿಮೆ. ನನಗೆ ಸಿಗುತ್ತಿದ್ದ ಸಾಲದ ಬಡ್ಡಿ ಶೇ 8.5. 44 ಲಕ್ಷವನ್ನು 20 ವರ್ಷಕ್ಕೆ ತೆಗೆದುಕೊಂಡರೆ ಕಂತು 38,000 ದಾಟುತ್ತಿತ್ತು. ಬಡ್ಡಿಗೂ ಬಾಡಿಗೆಗೂ ನಡುವಿನ ಅಂತರ ತುಂಬುವಂತೆ ಬೆಲೆ ವರ್ಷವರ್ಷವೂ ಶೇ 5.5ರಷ್ಟಾದರೂ ಏರಿದರೆ ಮಾತ್ರ ಕೊಂಡವರಿಗೆ ನಷ್ಟವಿಲ್ಲ, ಆದರೆ ಕಣ್ಣೆದುರಿಗೆ ಅದು ಏರುತ್ತಿರಲಿಲ್ಲ. ಬಾಡಿಗೆಯಲ್ಲಿ ಸಟ್ಟಾ, ಅಂದರೆ ಮುಂದೆ ಬೆಲೆ ಏರುತ್ತದೆಂಬ ಜೂಜು, ಸೇರುವುದು ಕಷ್ಟ. ಅದನ್ನು ಯಾರೋ ತಮ್ಮ ಸಂಬಳದಿಂದ ತಿಂಗಳು ತಿಂಗಳು ಕೊಡಬೇಕು. ಆದ್ದರಿಂದಲೇ ಬೆಲೆ ಉಬ್ಬಿದೆಯೇ ಎಂಬುದನ್ನು ಅದು ಬೇರೆ ಮೂರಕ್ಕಿಂತ ಪ್ರಾಮಾಣಿಕವಾಗಿ ತೋರಿಸುತ್ತದೆ ಎಂದು ನಾನು ನಂಬುತ್ತೇನೆ.

ಅದಕ್ಕೂ ಕೊರತೆಗಳಿವೆ. ಖಾಲಿ ಸೈಟಿಗೆ ಬಾಡಿಗೆಯಿಲ್ಲವಾದ್ದರಿಂದ ಅಲ್ಲಿ ಈ ಲೆಕ್ಕ ನಡೆಯದು. ಕೆಂಗೇರಿಗೆ ಮೆಟ್ರೊ ಓಡತೊಡಗಿದ್ದು 2021ರ ಆಗಸ್ಟ್‌ನಲ್ಲಿ. ಮಾರುವವರು ಅದನ್ನು ವರ್ಷಗಳ ಮೊದಲೇ ಬೆಲೆಗೆ ಸೇರಿಸಿಕೊಂಡಿದ್ದರು, ಬಾಡಿಗೆಯಲ್ಲಿ ಅದರ ಸುಳಿವೂ ಇರಲಿಲ್ಲ.

2021ರ ಆರಂಭದ ಹೊತ್ತಿಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ 4ಕ್ಕೆ ಇಳಿದು, ಗೃಹಸಾಲ ಶೇ 7ರ ಆಸುಪಾಸಿಗೆ ಬಂದಿತ್ತು. ಅದೇ ಕಟ್ಟಡದಲ್ಲಿ, ಪಾರ್ಕಿಂಗ್ ಸೇರಿಸಿ 50 ಲಕ್ಷಕ್ಕೆ ಒಪ್ಪಿದ ಮಾಲೀಕರೊಬ್ಬರಿಂದ ಕೊಂಡೆ. ಬಾಡಿಗೆಗೂ ಕಂತಿಗೂ ನಡುವೆ 24,000 ಇದ್ದ ಅಂತರ 18,000ಕ್ಕೆ ಬಂದಿತ್ತು, ಮತ್ತು ಅಷ್ಟನ್ನು ನಮ್ಮ ಮನೆಯವರು ಹೊರಬಲ್ಲವರಾಗಿದ್ದೆವು.