ಟ್ರೋಲ್‌ಸ್ಟೈನೆನ್ ಗೈಡೆಡ್ ಟ್ರೆಕ್: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಏನನ್ನು ನಾವೇ ಒಯ್ಯಬೇಕು

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಲಾಂಗ್‌ಇಯರ್‌ಬ್ಯೆನ್ ಎಂಬ ಪುಟ್ಟ ಊರಿದೆ. ಅದರ ಬೆನ್ನಿಗೇ ನಿಂತಿರುವ ಟ್ರೋಲ್‌ಸ್ಟೈನೆನ್ ಬೆಟ್ಟದ ಎತ್ತರ ಸುಮಾರು 850 ಮೀಟರ್. ಕುಕ್ಕೆಯಿಂದ ಹೊರಟು 1,712 ಮೀಟರ್ ಎತ್ತರದ ಕುಮಾರಪರ್ವತ ಮುಟ್ಟಿ ಬಂದವರಿಗೆ ಇದೇನು ಮಹಾ ಅನ್ನಿಸುವುದು ಸಹಜ. ಇಲ್ಲಿನ ಏರು ಅದರ ಅರ್ಧಕ್ಕೂ ಬರುವುದಿಲ್ಲ. ಕಾಲಿನ ಮಟ್ಟಿಗೆ ಆ ಲೆಕ್ಕ ಸರಿಯೇ. ಈ ಬೆಟ್ಟದಲ್ಲಿ ಅರ್ಧ ದಾರಿಗೆ ಸೋತು ಕೂರುವವರು ಹೆಚ್ಚಾಗಿ ಸೋಲುವುದು ಬಟ್ಟೆಗೆ ಮತ್ತು ಶೂಗೆ.

ಊರಿನಲ್ಲಿ ಈ ಟ್ರೆಕ್ ನಡೆಸುವ ಕಂಪನಿಗಳು ಹಲವು ಇವೆ, ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಹೋಟೆಲ್ ಬಾಗಿಲಿಗೆ ವ್ಯಾನ್ ಬರುತ್ತದೆ. ಕಣಿವೆಯ ಮೇಲ್ತುದಿಯ ನ್ಯೂಬ್ಯೆನ್‌ನಲ್ಲಿ ಇಳಿಸಿ, ಅಲ್ಲಿಂದ ನಡಿಗೆ. ಹೋಗಿಬರಲು ಸುಮಾರು 10 ಕಿಲೋಮೀಟರ್, ಊಟದ ಬಿಡುವೂ ಸೇರಿ ಆರೇಳು ಗಂಟೆ. ಶುಲ್ಕ ತಲೆಗೆ ಸಾವಿರ ಕ್ರೋನರ್ (ನಾರ್ವೆಯ ನಾಣ್ಯ) ಮೇಲೆಯೇ ಇರುತ್ತದೆ. ದುಬಾರಿ ಅನ್ನಿಸಬಹುದು, ಆದರೆ ಆ ದುಡ್ಡಿನಲ್ಲಿ ಏನೇನು ಸೇರಿದೆ ಎಂದು ನೋಡಿದರೆ ಇದು ನ್ಯಾಯವಾದ ಬೆಲೆ ಎಂದೇ ನಮ್ಮ ಅಭಿಪ್ರಾಯ.

ಮೊದಲನೆಯದು ಬಂದೂಕು. ಊರಿನ ಗಡಿ ದಾಟಿದರೆ ಹಿಮಕರಡಿಯ ಸೀಮೆ. ಕರಡಿಯನ್ನು ಬೆದರಿಸಿ ಓಡಿಸುವ ಸಾಧನವಿಲ್ಲದೆ ಊರಾಚೆ ಓಡಾಡುವಂತಿಲ್ಲ, ಬಂದೂಕೂ ಜೊತೆಗಿರಲಿ ಎನ್ನುವುದು ಆಡಳಿತದ ಸಲಹೆ. ಗೈಡ್ ಹೆಗಲಲ್ಲಿ ರೈಫಲ್, ಸೊಂಟದಲ್ಲಿ ಬೆಳಕು-ಸದ್ದಿನ ಗುಂಡು ಹಾರಿಸುವ ಸಿಗ್ನಲ್ ಪಿಸ್ತೂಲು ಇರುತ್ತವೆ. ಕರಡಿ ನೋಡುವ ಆಸೆಯಿಂದ ಈ ಟ್ರೆಕ್ ಬುಕ್ ಮಾಡಬೇಡಿ. ದೂರದಲ್ಲಿ ಒಂದು ಕಂಡರೂ ಗೈಡ್ ಇಡೀ ಗುಂಪನ್ನು ಹಿಂದಕ್ಕೆ ತಿರುಗಿಸುತ್ತಾರೆ, ತಿರುಗಿಸಲೇಬೇಕು. 2025ರ ಜನವರಿಯಿಂದ ಕರಡಿಗೆ ಕನಿಷ್ಠ 300 ಮೀಟರ್ ದೂರವಿರಬೇಕೆಂಬ ನಿಯಮ ಬಂದಿದೆ. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ ಅದು 500 ಮೀಟರ್.

ಎರಡನೆಯದು ಹಿಮನದಿಯ ತಿಳಿವಳಿಕೆ. ದಾರಿ ಹೋಗುವುದು ಲಾರ್ಸ್‌ಬ್ರೇನ್ ಹಿಮನದಿಯ ಮೇಲೆ. ಚಿಕ್ಕದು, ನಿಧಾನಿ, ದೊಡ್ಡ ಬಿರುಕುಗಳು ಕಡಿಮೆ. ಅಪಾಯ ಬೇರೆ ಕಡೆ ಇದೆ. ಬೇಸಿಗೆಯಲ್ಲಿ ಕರಗಿದ ನೀರು ಐಸನ್ನು ಕೊರೆದು ಆಳವಾದ ಕಾಲುವೆಗಳನ್ನು ಮಾಡಿರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಅವು ಕಣ್ಣಿಗೆ ಕಾಣುತ್ತವೆ, ದಾಟಲು ಜಾಗ ಹುಡುಕಬಹುದು. ಜೂನ್‌ನಲ್ಲಿ ಮೇಲೆ ಹಳೆಯ ಹಿಮ ಮುಚ್ಚಿಕೊಂಡಿರುತ್ತದೆ, ಕೆಳಗೆ ಪೊಳ್ಳು. ಗೈಡ್ ಕೋಲಿನಿಂದ ಚುಚ್ಚಿ ನೋಡಿ ಹೆಜ್ಜೆ ಇಡುತ್ತಿದ್ದರೆ, ಅವರ ಹೆಜ್ಜೆಗುರುತಿನ ಮೇಲೆಯೇ ಕಾಲಿಡಿ. ಫೋಟೋಗೆಂದು ಎರಡು ಮೀಟರ್ ಪಕ್ಕಕ್ಕೆ ಹೋಗುವುದೂ ಬೇಡ.

ಐಸ್ ಮೇಲೆ ನಡೆಯಲು ಬೇಕಾದ ಕ್ರಾಂಪಾನ್, ಅಂದರೆ ಶೂ ಅಡಿಗೆ ಕಟ್ಟುವ ಉಕ್ಕಿನ ಮುಳ್ಳುಗಳನ್ನು ಕಂಪನಿಯೇ ಕೊಡುತ್ತದೆ. ಅದನ್ನು ಕಟ್ಟುವ ಶೂ ಮಾತ್ರ ನಮ್ಮದು. ಪಟ್ಟಿಯ ಕ್ರಾಂಪಾನ್‌ನಲ್ಲಿ ಮುಂಗಾಲಿಗೆ ಒಂದು ಭಾಗ, ಹಿಮ್ಮಡಿಗೆ ಇನ್ನೊಂದು, ನಡುವೆ ಉದ್ದ ಹೊಂದಿಸುವ ಲೋಹದ ಪಟ್ಟಿ ಇರುತ್ತದೆ. ಓಟದ ಶೂ ಹಾಕಿಕೊಂಡು ಬಂದರೆ ಪ್ರತಿ ಹೆಜ್ಜೆಗೂ ಅದರ ಮೆತ್ತನೆಯ ಅಟ್ಟೆ ಬಾಗುತ್ತದೆ, ಲೋಹ ಬಾಗುವುದಿಲ್ಲ, ಹತ್ತಿಪ್ಪತ್ತು ಹೆಜ್ಜೆಯಲ್ಲಿ ಹಿಮ್ಮಡಿ ಕಳಚಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಬಾಗಿಸಿದರೆ ಸುಲಭವಾಗಿ ಮಡಚದ ಅಟ್ಟೆ, ಕಣಕಾಲು ಮುಚ್ಚುವ ಎತ್ತರ, ನೀರು ಒಳಗೆ ಬಿಡದ ಪದರ, ಈ ಮೂರೂ ಇರುವ ಶೂ ಬೇಕು. ಕೊಳ್ಳುವಾಗ ಸಂಜೆ ಹೊತ್ತು ಹೋಗಿ, ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಯೇ ನೋಡಿ. ಲೇಸ್ ಬಿಗಿದ ಮೇಲೂ ಬೆರಳುಗಳು ಆಡಬೇಕು. ಬಿಗಿಯಾದರೆ ರಕ್ತ ಸಂಚಾರ ಕಡಿಮೆಯಾಗಿ ಬೆರಳು ತಣ್ಣಗಾಗುತ್ತದೆ, ಇಳಿಯುವಾಗ ಉಗುರು ತುದಿಗೆ ಬಡಿದು ಕಪ್ಪಾಗುತ್ತದೆ. ಹೊಸ ಶೂವನ್ನು ಹೊರಡುವ ಮುನ್ನ ಮೂರ್ನಾಲ್ಕು ವಾರವಾದರೂ ಹಾಕಿ ನಡೆದು ಪಳಗಿಸಿ.

ಕ್ರಾಂಪಾನ್ ಕಟ್ಟುವಾಗ ಬಕಲ್ ಕಾಲಿನ ಹೊರಮಗ್ಗುಲಿಗೆ ಬರಬೇಕು, ಪಟ್ಟಿಯ ಬಾಲವನ್ನು ಒಳಗೆ ಸಿಕ್ಕಿಸಬೇಕು. ನೇತಾಡಿದರೆ ಇನ್ನೊಂದು ಕಾಲಿನ ಮುಳ್ಳು ಅದಕ್ಕೆ ಸಿಕ್ಕಿ ಮುಗ್ಗರಿಸುವುದು ಖಚಿತ. ಅಗಲ ಪ್ಯಾಂಟಿಗೂ ಇದೇ ಗತಿ. ಕಾಲುಗಳನ್ನು ಎಂದಿಗಿಂತ ಒಂದು ಗೇಣು ಅಗಲಿಸಿ, ಪಾದ ಪೂರ್ತಿ ಊರಿ ನಡೆಯಿರಿ. ಹಿಮ್ಮಡಿ ಮೊದಲು ಊರುವ ಅಭ್ಯಾಸ ಐಸ್ ಮೇಲೆ ಜಾರಿಸುತ್ತದೆ.

ಆದರೆ ಅತಿ ಹೆಚ್ಚು ಜನ ಬೀಳುವುದು ಐಸ್ ಮೇಲಲ್ಲ, ಅದಕ್ಕೂ ಮುಂಚಿನ ಮೊರೇನ್‌ನಲ್ಲಿ. ಹಿಮನದಿ ತಳ್ಳಿ ತಂದು ಸುರಿದ ಕಲ್ಲುರಾಶಿ ಅದು. ಮೇಲೆ ಒಣ ಜಲ್ಲಿಯಂತೆ ಕಾಣುತ್ತದೆ, ಅಂಗೈಯಗಲ ಕೆದಕಿದರೆ ಅಡಿಯಲ್ಲಿ ಕಪ್ಪು ಐಸ್ ಹೊಳೆಯುತ್ತದೆ. ಕಲ್ಲಿನ ಮೇಲೆ ಭಾರ ಬಿಟ್ಟೊಡನೆ ಕಲ್ಲೇ ಜಾರುತ್ತದೆ. ಸಾವನದುರ್ಗದ ನುಣುಪು ಬಂಡೆಯ ಮೇಲೆ ಎಷ್ಟು ಸಲ ಹತ್ತಿ ಇಳಿದರೂ ಇದರ ಅಭ್ಯಾಸವಾಗುವುದಿಲ್ಲ. ಕಲ್ಲು ಕ್ವಾರಿಯ ಹಳೆಯ ರಾಶಿ ಅಥವಾ ಮಳೆಗಾಲ ಕಳೆದ ಹಳ್ಳದ ಪಾತ್ರ ಇದಕ್ಕೆ ಹತ್ತಿರ. ಎರಡು ಟ್ರೆಕ್ಕಿಂಗ್ ಕೋಲುಗಳಿದ್ದರೆ ಮಂಡಿಯೂ ಉಳಿಯುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ, ಹತ್ತಿಯ ಬನಿಯನ್ ಮತ್ತು ಜೀನ್ಸ್ ಎರಡನ್ನೂ ಹೋಟೆಲ್‌ನಲ್ಲಿ ಬಿಡಿ. ಜುಲೈನಲ್ಲಿ ಊರಿನಲ್ಲಿ 5ರಿಂದ 7 ಡಿಗ್ರಿ ಇರುತ್ತದೆ, ಮೇಲೇರಿದಂತೆ ನೂರು ಮೀಟರಿಗೆ ಅರ್ಧ ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ, ತುದಿಯಲ್ಲಿ ಸೊನ್ನೆಯ ಆಸುಪಾಸು. ಗಾಳಿ ಸೆಕೆಂಡಿಗೆ 10 ಮೀಟರ್ ಬೀಸಿದರೆ ಚರ್ಮಕ್ಕೆ ಅದು ಮೈನಸ್ 7ರಂತೆ ತಟ್ಟುತ್ತದೆ. ಎರಡು ಗಂಟೆ ಏರಿ ಬೆವರಿದ ಹತ್ತಿ ಅಲ್ಲಿ ಮೈಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ. ಮೈಗೆ ತಾಗುವ ಪದರ ತೆಳು ಉಣ್ಣೆಯದ್ದು, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ-ಮಳೆ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಹಕ್ಕಿಯ ಮೆತ್ತನೆಯ ಗರಿ ತುಂಬಿದ ದಪ್ಪ ಡೌನ್ ಜಾಕೆಟ್ ಹಾಕಿಕೊಂಡು ಹತ್ತಬಾರದು. ಅದು ಬ್ಯಾಗಿನಲ್ಲಿದ್ದು, ನಿಂತ ಕೂಡಲೇ ಮೈ ತಣ್ಣಗಾಗುವ ಮುಂಚೆಯೇ ಮೈಗೇರಬೇಕು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿದ್ದರೆ ಹಾಕಿದ ಬಟ್ಟೆ ಸರಿಯಾಗಿದೆ ಎಂದರ್ಥ. ಕೈಗವಸು ಎರಡು ಜೊತೆ ಬೇಕು, ಬಕಲ್ ಹಾಕಲು ತೆಳುವಾದದ್ದು, ಬೆಟ್ಟದ ತುದಿಯಲ್ಲಿ ದಪ್ಪದ್ದು. ಕಿವಿ ಮುಚ್ಚುವ ಟೋಪಿ, ಕುತ್ತಿಗೆಗೆ ಬಫ್ ಎಂಬ ಬಟ್ಟೆಯ ಕೊಳವೆ. ಸೂರ್ಯ ಮುಳುಗದ ಕಾಲದಲ್ಲಿ ಹಿಮದ ಪ್ರತಿಫಲನ ಕಣ್ಣಿಗೆ ಚುಚ್ಚುವುದರಿಂದ ತಂಪು ಕನ್ನಡಕವೂ ಸನ್‌ಸ್ಕ್ರೀನೂ ಕಡ್ಡಾಯ. 30 ಲೀಟರಿನ ಬ್ಯಾಗ್ ಸಾಕು, ಕ್ರಾಂಪಾನ್ ಮತ್ತು ಊಟದ ಪೊಟ್ಟಣಕ್ಕೆ ಜಾಗ ಬಿಟ್ಟಿರಿ.

ಊಟದಲ್ಲಿ ಈ ಸೇವೆ ನಮ್ಮವರಿಗೆ ಎಡವುತ್ತದೆ. ಕೊಡುವುದು ಒಣಗಿಸಿದ ಊಟದ ಪೊಟ್ಟಣ. ಬಿಸಿನೀರು ಸುರಿದು, ತಳದವರೆಗೆ ಕಲಕಿ, ಬಾಯಿ ಮುಚ್ಚಿ ಹತ್ತು ನಿಮಿಷ ಬಿಡಬೇಕು. ಜಾಕೆಟ್ ಒಳಗಿಟ್ಟುಕೊಂಡರೆ ಊಟವೂ ಬೇಯುತ್ತದೆ, ಹೊಟ್ಟೆಯೂ ಬೆಚ್ಚಗಿರುತ್ತದೆ. ಮೊದಲೇ ಹೇಳದಿದ್ದರೆ ಸಿಗುವುದು ಮಾಂಸ ಅಥವಾ ಮೀನಿನದ್ದೇ. ಬುಕ್ ಮಾಡುವಾಗ ಬರೀ ‘ವೆಜಿಟೇರಿಯನ್’ ಎಂದು ಬರೆದರೆ ಸಾಲದು, ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ ಎಂದು ಬಿಡಿಸಿ ಬರೆಯಿರಿ, ಹಿಂದಿನ ದಿನ ಮತ್ತೊಮ್ಮೆ ಕೇಳಿ. ನಮ್ಮ ಊರಿಂದ ಖರ್ಜೂರ, ಹುರಿಗಡಲೆ, ಚಟ್ನಿಪುಡಿ ಒಯ್ಯಬಹುದು. ಶೇಂಗಾ ಚಿಕ್ಕಿ ಚಳಿಗೆ ಕಲ್ಲಾಗುತ್ತದೆ, ಮೊದಲೇ ಪುಡಿ ಮಾಡಿ ಒಯ್ಯಿರಿ. ತುಪ್ಪ, ಪೇಡ ಬೇಡ, ಯುರೋಪಿನಾಚೆಯ ದೇಶಗಳಿಂದ ಹಾಲಿನ ಪದಾರ್ಥ ಮತ್ತು ಮಾಂಸ ನಾರ್ವೆಗೆ ತರುವಂತಿಲ್ಲ. ಹಿಮನದಿಯ ನೀರು ಕಲ್ಲಿನ ಹುಡಿಯಿಂದ ಬೂದು ಬಣ್ಣಕ್ಕಿರುತ್ತದೆ, ಆದ್ದರಿಂದ ಹೋಟೆಲ್ ನಲ್ಲಿಯಿಂದಲೇ ಒಂದು ಲೀಟರ್ ತುಂಬಿಕೊಳ್ಳಿ.

ಇನ್ನೊಂದು ಕೊರತೆ, ಜಾಹೀರಾತಿನ ‘ಮಧ್ಯಮ’ ಎಂಬ ಪದ. ನಾರ್ವೆಯವರ ಮಧ್ಯಮ ನಮ್ಮ ಮಧ್ಯಮ ಅಲ್ಲ. ವೇಗ ಅವರ ಲೆಕ್ಕದ್ದು, ಒಬ್ಬರು ಹಿಂದೆ ಬಿದ್ದರೆ ಇಡೀ ಗುಂಪು ಗಾಳಿಯಲ್ಲಿ ನಿಂತು ಚಳಿ ತಿನ್ನಬೇಕಾಗುತ್ತದೆ. ಹತ್ತು ಕಿಲೋ ಹೊತ್ತು ಒಂದು ಗಂಟೆ ಬಿಡದೆ ಮೆಟ್ಟಿಲು ಹತ್ತಬಲ್ಲವರು ಧೈರ್ಯವಾಗಿ ಬರಬಹುದು. ಅನುಮಾನವಿದ್ದರೆ ಪಕ್ಕದ ಸಾರ್ಕೊಫಾಗೆನ್ ಆರಿಸಿಕೊಳ್ಳಿ, 512 ಮೀಟರ್, ಸಮಯವೂ ಕಡಿಮೆ. ಮಕ್ಕಳು ಜೊತೆಗಿದ್ದರೆ ಅದೇ ವಾಸಿ. ಟ್ರೋಲ್‌ಸ್ಟೈನೆನ್‌ನಲ್ಲಿ ಹಿಮನದಿ ಬಿಟ್ಟ ಮೇಲಿನ ಕಡಿದಾದ ಏರು ಮತ್ತು ಏಣಿನ ಮೇಲಿನ ನಡಿಗೆಗೆ ಕಾಲಿನಲ್ಲಿ ಶಕ್ತಿ ಉಳಿದಿರಬೇಕು. ಉಳಿದಿದ್ದರೆ ಏಣಿನ ತುದಿಯ ಬಂಡೆಗೋಪುರದ ಬುಡದಲ್ಲಿ ನಿಂತಾಗ ಕೆಳಗೆ ಬೆಂಕಿಪೊಟ್ಟಣದಷ್ಟು ಊರು, ಆಚೆ ಐಸ್‌ಫ್ಯೋರ್ಡ್ ಎಂಬ ಕಡಲ ಚಾಚಿನ ನೀರು. ಎಲ್ಲೂ ಒಂದು ಮರವಿಲ್ಲ. ಅಷ್ಟು ಬೋಳಾದ, ಅಷ್ಟು ಚೆಂದದ ನೋಟ ಸಹ್ಯಾದ್ರಿ ಕಂಡ ಕಣ್ಣಿಗೆ ಹೊಸದೇ.

ಮಂಜು ಕವಿದರೆ ಗೈಡ್ ಬೆಟ್ಟವನ್ನೇ ಬದಲಿಸಬಹುದು, ಕನಿಷ್ಠ ಸಂಖ್ಯೆ ಆಗದಿದ್ದರೆ ಟ್ರೆಕ್ ರದ್ದಾಗಬಹುದು. ಊರಿಗೆ ಬಂದ ಎರಡನೇ ದಿನಕ್ಕೇ ಬುಕ್ ಮಾಡಿ, ಮುಂದೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರು ಮರೆಯಬಾರದ್ದು ಒಂದಿದೆ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದರೆ ಅದು ಷೆಂಗೆನ್‌ನ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ವಲಯದ, ಹೊರಗಿದೆ. ನಾರ್ವೆಯ ಮುಖ್ಯ ನೆಲದ ಓಸ್ಲೊ ಅಥವಾ ಟ್ರೊಮ್ಸೊ ಬಿಟ್ಟೊಡನೆ ಷೆಂಗೆನ್‌ನಿಂದ ಹೊರಬಿದ್ದ ಲೆಕ್ಕ, ವಾಪಸು ಬರಲು ಇನ್ನೊಂದು ಪ್ರವೇಶ ಬೇಕು. ಆದ್ದರಿಂದ ಡಬಲ್ ಅಥವಾ ಮಲ್ಟಿಪಲ್ ಎಂಟ್ರಿ ವೀಸಾ ಕೇಳಿ ಪಡೆಯಿರಿ. ವಿಮೆಯಲ್ಲಿ ಅಪಾಯದಿಂದ ಕಾಪಾಡಿ ಸಾಗಿಸುವ ಖರ್ಚೂ ಸೇರಿರಲಿ, ಊರಿನ ಆಸ್ಪತ್ರೆ ಚಿಕ್ಕದು, ದೊಡ್ಡ ಪೆಟ್ಟಾದರೆ ಟ್ರೊಮ್ಸೊಗೆ ವಿಮಾನದಲ್ಲೇ ಸಾಗಿಸಬೇಕು.

ಇಳಿದು ಬಂದ ಮೇಲೆ ಶೂವನ್ನು ಬಾಗಿಲಲ್ಲೇ ಕಳಚಬೇಕಾಗುತ್ತದೆ. ಕಲ್ಲಿದ್ದಲ ಗಣಿಯ ಕಾಲದಿಂದ ಅಲ್ಲಿನ ಎಷ್ಟೋ ಹೋಟೆಲ್‌ಗಳಲ್ಲಿ ಅದು ಪದ್ಧತಿ. ಬ್ಯಾಗಿನಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಂಡಿರಿ. ಒದ್ದೆ ಶೂಗಳನ್ನು ಹೀಟರ್ ಮೇಲಿಟ್ಟರೆ ಅಟ್ಟೆಯ ಅಂಟು ಬಿಡುತ್ತದೆ, ಒಳಗಿನ ಹಾಸು ತೆಗೆದು, ಹಳೆಯ ನ್ಯೂಸ್‌ಪೇಪರ್ ತುರುಕಿ, ರಾತ್ರಿ ಒಮ್ಮೆ ಆ ಪೇಪರ್ ಬದಲಿಸಿ.