ಗಣಿ ಡಂಪಿನ ಮಳೆನೀರು ಎತ್ತ ಹರಿಯುತ್ತೆ: ಮೂರು ಎತ್ತರದ ನಕ್ಷೆ ಹಿಡಿದು ನೋಡಿದ್ದು

ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಕಡೆ ಹಳೇ ಕ್ರೋಮೈಟ್ ಗಣಿಗಳಿವೆ. ಅಂಥ ಗಣಿಯೊಂದರ ಡಂಪಿನ (ಅಗೆದು ಸುರಿದ ಕಲ್ಲುಮಣ್ಣಿನ ಗುಡ್ಡೆ) ಮೇಲೆ ಬಿದ್ದ ಮಳೆ ಯಾವ ಕೆರೆ ಸೇರುತ್ತೆ ಅಂತ ನನಗೆ ಗೊತ್ತಾಗಬೇಕಿತ್ತು. ಕ್ರೋಮೈಟ್ ಅಂದರೆ ಕ್ರೋಮಿಯಂ ಅದಿರು. ಅದರ ಡಂಪಿನಿಂದ ನೀರಿಗೆ ಇಳಿಯಬಹುದಾದ ಹೆಕ್ಸಾವೇಲೆಂಟ್ ಕ್ರೋಮಿಯಂ ವಿಷ. ದಾರಿ ತಪ್ಪಾಗಿ ಗುರುತಿಸಿದರೆ ನೀರಿನ ಸ್ಯಾಂಪಲ್ ತೆಗೆಯೋ ಜಾಗವೂ ತಪ್ಪುತ್ತೆ. ಉಪಗ್ರಹ, ನೌಕೆಗಳಿಂದ ಅಳೆದ ನೆಲದೆತ್ತರದ, ಪುಕ್ಕಟೆ ಸಿಗುವ ಮೂರು ದತ್ತಾಂಶ ಇಳಿಸಿಕೊಂಡು ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಕೂತೆ.

ಮೊದಲನೆಯದು ಎಸ್‌ಆರ್‌ಟಿಎಂ, 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರಾಡಾರ್‌ನಿಂದ ಅಳೆದದ್ದು. ಆಮೇಲೆ ಸುರಿದ ಮಣ್ಣು ಇದರ ಪಾಲಿಗೆ ಇಲ್ಲವೇ ಇಲ್ಲ. ಹಳೇ ಹಳ್ಳದ ಜಾಡು ತಿಳಿಯೋದಕ್ಕೆ ಮಾತ್ರ ಇಟ್ಟುಕೊಂಡೆ.

ಎರಡನೆಯದು ಇಸ್ರೋದ ಭುವನ್ ತಾಣದ ಕಾರ್ಟೊಡೆಮ್, ನಮ್ಮದೇ ಕಾರ್ಟೊಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದ ಆದದ್ದು. ತೆರೆದಾಗ ಊರಿಗೆ ಊರೇ ಎಂಬತ್ತು ಚಿಲ್ಲರೆ ಮೀಟರ್ ಕುಸಿದಂತಿತ್ತು! ಅದರ ಎತ್ತರ ಸಮುದ್ರ ಮಟ್ಟದಿಂದಲ್ಲ, ಎಲಿಪ್ಸಾಯ್ಡ್‌ನಿಂದ, ಅಂದರೆ ಭೂಮಿಯ ಆಕಾರಕ್ಕೆ ಲೆಕ್ಕ ಹಾಕಿ ಹೊಂದಿಸಿದ ನುಣುಪು ಮೇಲ್ಮೈಯಿಂದ. ನೀರಿನ ದಿಕ್ಕಿಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ, ಇನ್ನೊಂದು ನಕ್ಷೆಯಿಂದ ಕಳೆಯಲು ಹೋದರೆ ಮಾತ್ರ ಕೆಟ್ಟಿರಿ.

ಡಂಪಿನ ಆಕಾರ ಚೆನ್ನಾಗಿ ಬಂದದ್ದು ಮೂರನೆಯದಾದ ಯುರೋಪಿನ ಕೋಪರ್ನಿಕಸ್ ಜಿಎಲ್‌ಓ-30ರಲ್ಲಿ. ಅದರ ಮೂಲ 2011ರಿಂದ 2015ರವರೆಗಿನ ಟ್ಯಾಂಡೆಮ್-ಎಕ್ಸ್ ರಾಡಾರ್ ಉಪಗ್ರಹಗಳ ಮಾಪನ. ಆದರೆ ಅದರ ಕಿರು ಅಲೆಯ ಎಕ್ಸ್-ಬ್ಯಾಂಡ್ ರಾಡಾರ್ ಮರದ ತಲೆಯ ಮೇಲೇ ನಿಂತುಬಿಡುತ್ತೆ. ಕೆಳಗಿನ ತೆಂಗಿನ ತೋಟ ನಕ್ಷೆಯಲ್ಲಿ ಏರಿಯಂತೆ ಎದ್ದು ನೀರನ್ನು ಪಡುವಣಕ್ಕೆ ತಿರುಗಿಸಿತ್ತು.

ಹೋಗಿ ನೋಡಿದರೆ ಡಂಪಿನ ಬುಡದಲ್ಲಿ ಗಾರ್ಲ್ಯಾಂಡ್ ಡ್ರೈನ್ (ಡಂಪನ್ನು ಸುತ್ತುವರಿದ ಚರಂಡಿ), ಎರಡು ಮಾರು ಅಗಲವೂ ಇಲ್ಲ. ತಳದಲ್ಲಿ ಕಪ್ಪು ಕೆಸರು, ಮೂಡಲಕ್ಕೆ ಇಳಿಜಾರು. 30 ಮೀಟರ್ ಪಿಕ್ಸೆಲ್‌ಗೆ ಇದು ಎಲ್ಲಿ ಕಾಣಬೇಕು? ಮೂರೂ ಸೋತದ್ದು ಇಲ್ಲೇ. ಜಪಾನಿನ ಆಲೋಸ್ ಪಾಲ್ಸಾರ್ ರಾಡಾರ್ ಚಿತ್ರಗಳ ಜೊತೆ ಬರೋ 12.5 ಮೀಟರ್ ಪಿಕ್ಸೆಲ್‌ನ ಎತ್ತರದ ನಕ್ಷೆ ಬಳಸಿ ಅಂತ ಸ್ನೇಹಿತರು ಹೇಳಿದ್ದರು. ನಮ್ಮ ಕಡೆಯದು ಎಸ್‌ಆರ್‌ಟಿಎಂ ಅನ್ನೇ ಸಣ್ಣ ಚೌಕಗಳಾಗಿ ಹೆಚ್ಚಿದ್ದು, ಹೊಸ ವಿವರ ಏನೂ ಇಲ್ಲ.

ನನ್ನದೇ ಒಂದು ಎಡವಟ್ಟು ಹೇಳಿಬಿಡ್ತೀನಿ. ಮಾಮೂಲಿನಂತೆ 'ಫಿಲ್ ಸಿಂಕ್ಸ್' (ನಕ್ಷೆಯ ತಗ್ಗುಗಳನ್ನು ತುಂಬುವ ಆಜ್ಞೆ) ಒತ್ತಿದ್ದೆ. ತಂತ್ರಾಂಶ ಗಣಿಯ ಗುಂಡಿಯನ್ನು ದೋಷ ಅಂದುಕೊಂಡು ಬಾಯಿ ಮಟ್ಟ ತುಂಬಿ, ಅಲ್ಲಿಂದ ತೊರೆ ಹರಿಸಿತು. ನಿಜದಲ್ಲಿ ಆ ಗುಂಡಿ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತೆ.

ಕೊನೆಗೆ ಕೋಪರ್ನಿಕಸ್ಸನ್ನೇ ತಳಕ್ಕಿಟ್ಟೆ. ಗುಂಡಿಯನ್ನು ಮುಚ್ಚದೆ ಬಿಟ್ಟು, ಡ್ರೈನಿನುದ್ದಕ್ಕೂ ಜಿಪಿಎಸ್ ಹಿಡಿದು ನಡೆದು, ಆ ಗೆರೆ ಬಿದ್ದ ಪಿಕ್ಸೆಲ್‌ಗಳನ್ನೆಲ್ಲ ತೋಟದ ಸುಳ್ಳು ಏರಿಗಿಂತ ತಗ್ಗಿಸಿದೆ. ಹರಿವು ಮೂಡಲ ಕೆರೆಗೆ ತಿರುಗಿತು. ಸ್ಯಾಂಪಲ್ ಬಾಟಲಿಗಳ ಮೇಲೆ ಬರೆದಿಟ್ಟಿದ್ದ ಪಡುವಣ ಕೆರೆಯ ಹೆಸರನ್ನು ಹೊಡೆದುಹಾಕಿದೆ.